ಅಗಳಿಯ ಬಲ

ಹಿಂದಿನ ಕೋಟೆಗಳ ಹೆಬ್ಬಾಗಿಲಿಗೂ ಹಳೆಯ ತೊಟ್ಟಿಮನೆಯ ತಲೆಬಾಗಿಲಿಗೂ ಕಸುಬು ಒಂದೇ. ಕದದ ಅಂಚಿನಲ್ಲೇ ಮೇಲೆ ಕೆಳಗೆ ಗೂಟ ಬಿಟ್ಟು ಕೆತ್ತುತ್ತಿದ್ದರು. ಅವು ಕುಳಿಗಳಲ್ಲಿ ಕೂತು ತಿರುಗುತ್ತಿದ್ದವು. ಭಾರವೆಲ್ಲ ನೆಲಕ್ಕೇ ಇಳಿಯುವುದರಿಂದ ಎಷ್ಟು ದಪ್ಪ ಹಲಗೆಯಾದರೂ ಜೋತು ಬೀಳದು. ಇಂದಿನ ಬಾಗಿಲಲ್ಲಿ ಆ ಭಾರವನ್ನು ಕೀಲಿನ ತಿರುಪುಮೊಳೆಗಳೇ ಹೊರಬೇಕು.

ನನಗೆ ಎಲ್ಲಕ್ಕಿಂತ ಮೆಚ್ಚುಗೆ ಅಗಳಿಯ ಮೇಲೆ. ಹಗಲೆಲ್ಲ ಗೋಡೆಯೊಳಗೆ ಅಡಗಿರುವ ಮರದ ದಿಮ್ಮಿ ಅದು. ರಾತ್ರಿ ಎಳೆದರೆ ಎರಡೂ ಕದಗಳ ಹಿಂದೆ ಅಡ್ಡ ಹಾದು ಎದುರು ಗೋಡೆಯ ಕುಳಿ ಸೇರುತ್ತದೆ. ಹೊರಗಿನಿಂದ ಎಷ್ಟು ತಳ್ಳಿದರೂ ಒತ್ತಡವನ್ನು ತಡೆಯುವುದು ಗೋಡೆ. ಚಿಲಕ, ಬೋಲ್ಟುಗಳಿಗೆ ಆ ಬಲವೆಲ್ಲಿ!

ಹಳೆಮನೆ ಕೆಡವುವವರೇ, ಬಾಗಿಲನ್ನು ಸೌದೆಗೆ ಹಾಕಬೇಡಿ. ಅಗಳಿ ಸಮೇತ ಬಿಚ್ಚಿಸಿ, ಹೊಸಮನೆಗೆ ಕೂರಿಸಿ.