ಆನಂದಪುರದ ತೋಟದೊಡೆಯನ ಬೇರು

ಸುಗ್ಗಿ ಮುಗಿದು ಕಣ ಬರಿದಾಗುವ ಹೊತ್ತಿಗೆ ಎತ್ತಿನ ಮೇಲೆ ಹೆಳವ ಬರುತ್ತಾನೆ. ಒಕ್ಕಲು ಮನೆಯ ಅಂಗಳದಲ್ಲಿ ನಿಂತು, ಮೂಲಪುರುಷನಿಂದ ಹಿಡಿದು ಮೊನ್ನೆ ಹುಟ್ಟಿದ ಕೂಸಿನವರೆಗೆ, ಯಾವ ಊರು ಬಿಟ್ಟು ಯಾವ ಊರಿಗೆ ಬಂದರು, ಯಾರಿಗೆ ಯಾರು ಹುಟ್ಟಿದರು ಎಂದು ಹಾಡಿದಂತೆ ಹೇಳಿ, ಕಾಳುಕಡಿ ಪಡೆದು ಮುಂದಿನ ಮನೆಗೆ ಹೋಗುತ್ತಾನೆ. ಕನ್ನಡ ನಾಡಿನ ಎಷ್ಟೋ ಕುರುಬರ, ಒಕ್ಕಲಿಗರ, ಲಿಂಗಾಯತರ ಮನೆತನಗಳಿಗೆ ಹೆಳವನ ನಾಲಿಗೆಯೂ ಅವನ ಕಡತವೂ ಸೇರಿಯೇ ವಂಶಾವಳಿ. ಬೆಟ್ಟದಪುರದಲ್ಲಿ ಇದರ ಜೊತೆಗೆ ಇನ್ನೊಂದು ದಾರಿಯೂ ಉಂಟು. ನಾಚಾರಮ್ಮನ ಹಿಂದೆ ಸೆಂಗೋಟೆ ಕಡೆಯಿಂದ ಬಂದವರು ತಾವು ಎನ್ನುವ ಸಂಕೇತಿಗಳು ಶ್ರಾದ್ಧದ ದಿನ ಗೋತ್ರದೊಂದಿಗೆ ಮೂರು ತಲೆಮಾರಿನ ಹೆಸರನ್ನು ಬಾಯಿಬಿಟ್ಟು ಹೇಳುತ್ತಾರೆ.

ಈ ಸೀಮೆಯವರ ಹೊಟ್ಟೆಪಾಡನ್ನು ತಲೆಮಾರುಗಳಿಂದ ಹಿಡಿದಿರುವ ಒಂದು ಬಗೆಯ ಮನೆತನ ಮಾತ್ರ ಹೆಳವನ ಕಡತದಲ್ಲಿ ಸಿಗುವುದಿಲ್ಲ. ಅದು ಕೊಡಗಿನ ಕಾಫಿ ತೋಟದ ಒಡೆಯರದು. ಪಿರಿಯಾಪಟ್ಟಣ, ಹುಣಸೂರು, ಎಚ್.ಡಿ. ಕೋಟೆಯ ಹಳ್ಳಿಗಳಿಂದ ಮೇಸ್ತ್ರಿಯ ಮುಂಗಡ ಪಡೆದು ಹಣ್ಣು ಕುಯ್ಯಲು ಹೋದವರು, ಲೈನ್ ಮನೆಯಲ್ಲಿ ಮಳೆಗಾಲ ಕಳೆದವರು ತೋಟದ ಹೆಸರು ಬಲ್ಲರು, ರೈಟರನ ಹೆಸರು ಬಲ್ಲರು. ಆ ತೋಟವನ್ನು ಮೊದಲು ಕಡಿದು ಹಸನು ಮಾಡಿಸಿದವನು ಯಾರ ಮಗ, ಅವನ ಮಕ್ಕಳು ಎಲ್ಲಿಗೆ ಹೋದರು ಎಂದು ಕೇಳಿದರೆ 'ಯಾರೋ ದೊರೆ' ಎನ್ನುವಲ್ಲಿಗೆ ಮಾತು ನಿಲ್ಲುತ್ತದೆ.

ಕೊಡಗಿನ ತೋಟಗಳ ಹುಟ್ಟಿನ ಲೆಕ್ಕ ಮಾತ್ರ ಸ್ಪಷ್ಟವಾಗಿದೆ. ಜಿ. ರಿಕ್ಟರ್ 1870ರಲ್ಲಿ ಪ್ರಕಟಿಸಿದ ಕೊಡಗಿನ ಕೈಪಿಡಿ ಅದನ್ನು ಸಾಲಾಗಿ ಕೊಡುತ್ತದೆ: 1854ರಲ್ಲಿ ಮಡಿಕೇರಿಯಲ್ಲಿ ಫೌಲರ್, 1855ರಲ್ಲಿ ಸಂಪಾಜೆ ಘಾಟಿಯಲ್ಲಿ ಮ್ಯಾನ್, 1856ರಲ್ಲಿ ಪೆರುಂಬಾಡಿ ಘಾಟಿಯಲ್ಲಿ ಡಾಕ್ಟರ್ ಮ್ಯಾಕ್ಸ್‌ವೆಲ್. ನಾಲ್ಕನೆಯ ಹೆಸರು ಬಂದಾಗ ಓದುಗನ ಕಣ್ಣು ನಿಂತುಬಿಡುತ್ತದೆ. 1857ರಲ್ಲಿ ಬಿದಿರು ಸೀಮೆಯಲ್ಲಿ ಆನಂದಪುರ ಎಂಬ ಊರನ್ನೂ ತೋಟವನ್ನೂ ಕಟ್ಟಿದವರು ಕೌಂಡಿನ್ಯ.

ಮೂವರು ಯುರೋಪಿನವರ ಪಕ್ಕದಲ್ಲಿ ಒಂದು ಗೋತ್ರದ ಹೆಸರು! ವಂಶ ಹುಡುಕುವ ಹವ್ಯಾಸದವರಿಗೆ ಇದಕ್ಕಿಂತ ಒಳ್ಳೆಯ ಎಳೆ ಈ ಭಾಗದಲ್ಲಿ ಸಿಗುವುದು ಕಷ್ಟ.

ಆನಂದರಾವ್ ಕೌಂಡಿನ್ಯ 1825ರಲ್ಲಿ ಮಂಗಳೂರಿನ ಸಾರಸ್ವತ ಮನೆಯೊಂದರಲ್ಲಿ ಹುಟ್ಟಿದವರು. ಬಾಸೆಲ್ ಮಿಷನ್ನಿನ ಇಂಗ್ಲಿಷ್ ಶಾಲೆಯಲ್ಲಿ ಓದಿದರು. ಅಲ್ಲಿ ಅವರಿಗೆ ಗುರುವಾದವರು ಹೆರ್ಮನ್ ಮೋಗ್ಲಿಂಗ್, ಕನ್ನಡದ ಮೊದಲ ಪತ್ರಿಕೆ 'ಮಂಗಳೂರು ಸಮಾಚಾರ'ವನ್ನು 1843ರಲ್ಲಿ ಹೊರಡಿಸಿದವರು. ಮರುವರ್ಷ, 1844ರ ಜನವರಿಯಲ್ಲಿ, ಇನ್ನಿಬ್ಬರು ಗೆಳೆಯರೊಂದಿಗೆ ಆನಂದರಾಯರ ದೀಕ್ಷಾಸ್ನಾನವಾಯಿತು. ಊರು ಕುದಿದುಹೋಯಿತು. ಅಂದಿನಿಂದ ಅವರು ಗುರುವಿನ ಹೆಸರನ್ನು ಮುಂದಿಟ್ಟುಕೊಂಡು ಹೆರ್ಮನ್ ಆನಂದರಾವ್ ಕೌಂಡಿನ್ಯ. ಮೊದಲೇ ಮದುವೆಯಾಗಿದ್ದ ಹೆಂಡತಿ ಲಕ್ಷ್ಮಿ ಅವರೊಂದಿಗೆ ಬರಲಿಲ್ಲ. ಕೌಂಡಿನ್ಯರು ಸ್ವಿಟ್ಜರ್ಲೆಂಡಿನ ಬಾಸೆಲ್‌ಗೆ ಹೋಗಿ ಓದಿ, 1851ರಲ್ಲಿ ಪಾದ್ರಿಯಾಗಿ ಮಂಗಳೂರಿಗೆ ಮರಳಿದರು. 1860ರಲ್ಲಿ ಜರ್ಮನಿಯ ಮರೀ ರೈನ್‌ಹಾರ್ಟ್‌ರನ್ನು ಮದುವೆಯಾದರು. 1893ರಲ್ಲಿ ತೀರಿಕೊಂಡರು.

ಇಷ್ಟು ಹೇಳುವುದು ಸುಲಭ. ಇದನ್ನು ವಂಶವೃಕ್ಷದ ಹಾಳೆಗೆ ಇಳಿಸಲು ಹೊರಟಾಗ ನಿಜವಾದ ಕೆಲಸ ಶುರುವಾಗುತ್ತದೆ. ಹೊಸಬರು ಎಡವುವ ಮೊದಲ ಜಾಗ ಆ ಹೆಸರೇ. ಕೌಂಡಿನ್ಯ ಗೋತ್ರದವರು ಮಂಗಳೂರಿನಲ್ಲೂ ಇದ್ದಾರೆ, ಮೈಸೂರು ಸೀಮೆಯ ಅಗ್ರಹಾರಗಳಲ್ಲೂ ಇದ್ದಾರೆ. ಅವರೆಲ್ಲ ಒಂದೇ ಮನೆತನದವರಲ್ಲ. ಗೋತ್ರವೇ ಮನೆಹೆಸರಾಗಿ ಯುರೋಪಿನ ಕಾಗದಕ್ಕೆ ಏರಿದ ಮೇಲೆ ಅದರ ಕಾಗುಣಿತವೂ ಬದಲಾಗುತ್ತದೆ. ಜರ್ಮನ್ ಬರವಣಿಗೆಯಲ್ಲಿ 'ಯ' ಉಚ್ಚಾರಕ್ಕೆ 'ಜೆ' ಅಕ್ಷರ ಬೀಳುತ್ತದೆ. ಇಂಗ್ಲಿಷ್ ಕಾಗುಣಿತವೊಂದನ್ನೇ ಹಿಡಿದು ಹುಡುಕಿದವರಿಗೆ ಅರ್ಧ ದಾಖಲೆ ಸಿಗದೇ ಹೋಗುವುದು ಹೀಗೆ. ಕೈಬರಹವಂತೂ ಕುರೆಂಟ್ ಎಂಬ ಹಳೆಯ ಲಿಪಿಯದು. ಇಂದಿನ ಜರ್ಮನರಲ್ಲೇ ಅನೇಕರು ಅದನ್ನು ಪ್ರತ್ಯೇಕವಾಗಿ ಕಲಿತು ಓದಬೇಕು. ಮೋಡಿ ಲಿಪಿಯ ಕಡತ ಬಿಡಿಸಿದವರಿಗೆ ಈ ಕಷ್ಟದ ಪರಿಚಯವಿರುತ್ತದೆ.

ಕಾಗದಕ್ಕೇನೂ ಬರವಿಲ್ಲ. ಬಾಸೆಲ್ ಮಿಷನ್ ತನ್ನ ಪ್ರತಿಯೊಬ್ಬ ಸೇವಕನಿಗೂ ಒಂದು ಸಂಖ್ಯೆ ಕೊಟ್ಟು, ಅವನ ಹುಟ್ಟು, ಓದು, ಮದುವೆಯ ಕಡತ ಇಡುತ್ತಿತ್ತು. ಮಿಷನರಿ ಮದುವೆಯಾಗಬೇಕಾದರೆ ಬಾಸೆಲ್‌ನ ಸಮಿತಿಯ ಒಪ್ಪಿಗೆ ಬೇಕಿತ್ತು. ಆ ಒಪ್ಪಿಗೆಯ ಪತ್ರವ್ಯವಹಾರ ಇಂದಿನ ಸಂಶೋಧಕರಿಗೆ ದೊಡ್ಡ ನಿಧಿ. ಈ ದಾಖಲೆಗಳೆಲ್ಲ ಈಗ ಬಾಸೆಲ್‌ನಲ್ಲಿ ಮಿಷನ್ 21 ಸಂಸ್ಥೆಯ ಸಂಗ್ರಹದಲ್ಲಿವೆ. ಮಂಗಳೂರಿನ ಬಲ್ಮಠದಲ್ಲಿರುವ ಕರ್ನಾಟಕ ಥಿಯಲಾಜಿಕಲ್ ಕಾಲೇಜಿನ ಭಂಡಾರದಲ್ಲೂ ಹಳೆಯ ಮಿಷನ್ ಕಾಗದಗಳಿವೆ. ಮಿಷನರಿಗಳ ಮಕ್ಕಳನ್ನು ಓದಿಗೆಂದು ಯುರೋಪಿಗೆ ಕಳಿಸುವ ವಾಡಿಕೆಯಿದ್ದುದರಿಂದ ಇಂಥ ಮನೆತನದ ಕೊಂಬೆಗಳನ್ನು ಮಂಗಳೂರು, ಕೊಡಗುಗಳಲ್ಲಷ್ಟೇ ಹುಡುಕಿದರೆ ಸಾಲದು. ಜರ್ಮನಿಯ ಆಲ್ಬ್ರೆಕ್ಟ್ ಫ್ರೆನ್ಜ್ ಈ ದಾಖಲೆಗಳನ್ನು ಆಧರಿಸಿ ಆನಂದಪುರದ ಬಗ್ಗೆ ಪುಸ್ತಕವನ್ನೇ ಬರೆದಿದ್ದಾರೆ.

ಇಷ್ಟೆಲ್ಲ ಸಿಕ್ಕಿದ ಮೇಲೂ ಕೌಂಡಿನ್ಯರ ಕಥೆ ಅರ್ಧವೇ. ಆನಂದಪುರ ತೋಟವಾಗುವ ಮೊದಲು ಒಂದು ಆಶ್ರಯ. ಕೊಡಗಿನಲ್ಲಿ ಜಮ್ಮದ ಗದ್ದೆಗೆ ಕಟ್ಟುಬಿದ್ದು, ಗದ್ದೆ ಯಾರದೋ ತಾವೂ ಅವರವರಾಗಿ ಬದುಕುತ್ತಿದ್ದ ದಲಿತ ಕುಟುಂಬಗಳಿದ್ದವು. ಕಂಪನಿ ಸರ್ಕಾರ 1843ರ 5ನೇ ಕಾಯಿದೆಯಿಂದ ಗುಲಾಮಿಗೆ ಕಾನೂನಿನ ಬೆಂಬಲ ತೆಗೆದುಹಾಕಿತ್ತು, ಆದರೆ ಹೋಗಲು ಅವರಿಗೆ ನೆಲವಿರಲಿಲ್ಲ. ಅಂಥ ಕುಟುಂಬಗಳು ದೀಕ್ಷೆ ಪಡೆದು ಆನಂದಪುರದಲ್ಲಿ ನೆಲೆಯಾದವು. ಗಿಡ ನೆಟ್ಟವರು, ಹಣ್ಣು ಕುಯ್ದವರು ಅವರೇ. 1860ರ ದಶಕದಲ್ಲಿ ಕಾಂಡಕೊರಕ ಹುಳು ಕೊಡಗಿನ ತೋಟಗಳನ್ನು ಒಣಗಿಸಿದಾಗ ಗಿಡ ಕಿತ್ತು ಸುಡುವ ಕೆಲಸ ಬಿದ್ದದ್ದೂ ಇಂಥ ಆಳುಗಳ ಮೇಲೆಯೇ. ಆ ಹುಳುವಿನ ಮೇಲೆ ಜಾರ್ಜ್ ಬಿಡಿ ಬರೆದ ವರದಿ 1869ರಲ್ಲಿ ಮದರಾಸಿನಲ್ಲಿ ಅಚ್ಚಾಯಿತು. ನೆರಳಿಲ್ಲದ ತೋಟವೇ ಮೊದಲು ಹಾಳಾಗುತ್ತದೆ ಎಂಬ ಅದರ ಮಾತು ಇಂದಿನ ಬೆಳೆಗಾರರಿಗೂ ಪಾಠ.

ಇದೇ ಹುಡುಕಾಟ ಅಮೆರಿಕದಲ್ಲಿ ಹೇಗೆ ನಡೆಯುತ್ತದೆ ನೋಡಿ. ಅಲ್ಲಿನ ಹಳೆಯ ತೋಟದೊಡೆಯರ ಉಯಿಲು, ಕ್ರಯಪತ್ರ, ಗೋರಿಕಲ್ಲುಗಳೆಲ್ಲ ಉಳಿದಿವೆ. ಆದರೆ 1850 ಮತ್ತು 1860ರ ಗುಲಾಮರ ಗಣತಿಯಲ್ಲಿ ಸಾಮಾನ್ಯವಾಗಿ ಒಡೆಯನ ಹೆಸರಿನ ಕೆಳಗೆ ವಯಸ್ಸು, ಲಿಂಗ, ಬಣ್ಣ ಮಾತ್ರ, ಅವರ ಹೆಸರಿಲ್ಲ. ಹೆಸರು ಬರಬೇಕಾದರೆ 1870ರ ಗಣತಿಯವರೆಗೆ ಕಾಯಬೇಕು. ಥಾಮಸ್ ಜೆಫರ್ಸನ್ ತನ್ನ ಮಾಂಟಿಸೆಲ್ಲೋ ತೋಟದ ಲೆಕ್ಕದ ಪುಸ್ತಕದಲ್ಲಿ ಆಳುಗಳ ಹೆಸರು ಬರೆದಿಟ್ಟಿದ್ದ. ಅಲ್ಲಿಯ ಸ್ಯಾಲಿ ಹೆಮಿಂಗ್ಸ್‌ಳ ಮಗ ಮ್ಯಾಡಿಸನ್ ಹೆಮಿಂಗ್ಸ್, ತಾನು ಜೆಫರ್ಸನ್ನನ ಮಗನೆಂದು 1873ರಲ್ಲೇ ಹೇಳಿದ್ದ. ವಿದ್ವಾಂಸರಲ್ಲಿ ಬಹಳ ಮಂದಿ ಕಿವಿಗೆ ಹಾಕಿಕೊಳ್ಳಲಿಲ್ಲ. 1998ರ ಡಿಎನ್ಎ ಪರೀಕ್ಷೆಯ ನಂತರವೇ ಆ ಬಾಯಿಮಾತಿಗೆ ಬೆಲೆ ಬಂದದ್ದು. ನೂರು ವರ್ಷ ಒಡೆಯನ ಕಡೆಯ ಕಾಗದವನ್ನಷ್ಟೇ ಓದಿದವರು ಒಡೆಯನ ಮಕ್ಕಳನ್ನೇ ಎಣಿಸಲು ತಪ್ಪಿದ್ದರು.

ಆನಂದಪುರದ ದಾಖಲೆ ಅದಕ್ಕಾಗಿಯೇ ಅಪರೂಪ. ಒಡೆಯನೂ ಆಳೂ ಒಂದೇ ಸಭೆಯವರು, ಒಂದೇ ದೀಕ್ಷಾಸ್ನಾನ ಪಡೆದವರು. ಬೇರೆ ತೋಟಗಳಲ್ಲಿ ದೊರೆಯ ಮಗುವಿನ ಹೆಸರು ಮದರಾಸಿನ ಮೂಲಕ ಲಂಡನ್ನಿಗೆ ಹೋಗುವ ಚರ್ಚಿನ ದಾಖಲೆಯಲ್ಲಿ, ಆಳಿನದು ಚೆಕ್‌ರೋಲಿನಲ್ಲಿ. ಚೆಕ್‌ರೋಲಿಗೆ ಆಯಸ್ಸು ಕಡಿಮೆ. ಕೂಲಿ ಬಟವಾಡೆಯಾದ ಮೇಲೆ ಅದನ್ನು ಜೋಪಾನ ಮಾಡಿದವರು ವಿರಳ.

ಬೆಟ್ಟದಪುರದಿಂದ ಹೊರಟವರಿಗೆ ಪಿರಿಯಾಪಟ್ಟಣ, ಕುಶಾಲನಗರದ ಮೇಲೆ ಹಾದು ಆ ಸೀಮೆಗೆ ಹೋಗುವುದು ಒಂದು ಹಗಲಿನ ಪ್ರಯಾಣ. ಹೋಗುವ ಮೊದಲು ತಮ್ಮ ಮನೆಯಿಂದ ತೋಟಕ್ಕೆ ಹೋದ ಅಜ್ಜಿ, ದೊಡ್ಡಪ್ಪಂದಿರನ್ನು ಮಾತಾಡಿಸಿ, ಮೇಸ್ತ್ರಿಯ ಹೆಸರು, ಲೈನಿನ ಹೆಸರು, ಪಕ್ಕದ ಮನೆಯವರ ಹೆಸರು ಬರೆದುಕೊಳ್ಳಬೇಕು. ಅಲ್ಲಿ ಸಭೆಯ ಹಿರಿಯರ ಅನುಮತಿ ಕೇಳಿ ಗೋರಿಕಲ್ಲಿನ ಬರಹವನ್ನು ಓರೆಬಿಸಿಲಿನಲ್ಲಿ, ಬೆಳಗ್ಗೆ ಬೇಗ ಅಥವಾ ಸಂಜೆ, ಓದಬೇಕು. ನಡುಹಗಲಿನಲ್ಲಿ ಸವೆದ ಅಕ್ಷರ ಕಾಣಿಸುವುದಿಲ್ಲ. ಹಾಳೆಯ ಮೇಲೆ ಆನಂದರಾಯರ ಹೆಸರು ಬರೆದು ಮರೀಗೆ ಗೆರೆ ಎಳೆಯುವವರು ಲಕ್ಷ್ಮಿಗೂ ಒಂದು ಗೆರೆ ಎಳೆಯಲಿ. ಕೆಳಗೆ ಬೇಕಾದಷ್ಟು ಜಾಗ ಬಿಟ್ಟಿರಲಿ, ಆನಂದಪುರದ ಮನೆಮನೆಯ ಹೆಸರೂ ಅಲ್ಲಿ ಬರಬೇಕಿದೆ.