ತರ್ಕ ಯಾರಪ್ಪನ ಗಂಟು?

'ಅವರವರ ಮನಸ್ಸಿಗೆ ಅವರವರ ತರ್ಕ' ಎಂಬ ಮಾತಿಗೆ ನಮ್ಮ ವಿಚಾರಗೋಷ್ಠಿಗಳಲ್ಲೂ ಚಪ್ಪಾಳೆ ಬೀಳುತ್ತದೆ. ಕೇಳಾಕ ಭಾಳ ಉದಾರ. ನಾವು ಒಪ್ಪುವುದಿಲ್ಲ. ಜಾತಿಗೆ ಅಡಗಿ ಕೂಡಲು ಇದಕ್ಕಿಂತ ಒಳ್ಳೆಯ ಜಾಗ ಇನ್ನೊಂದಿಲ್ಲ.

ಈ ಮಾತಿಗೆ ದೊಡ್ಡವರ ಬೆಂಬಲವೂ ಇತ್ತು. ಒಂದು ಮಾತು ಏಕಕಾಲಕ್ಕೆ ನಿಜವೂ ಸುಳ್ಳೂ ಆಗಲಾರದು ಎಂಬ ನಿಯಮವನ್ನು ನಾವು ಅನುಭವದಿಂದ ಕಲಿತದ್ದು ಎಂದು ಇಂಗ್ಲೆಂಡಿನ ಮಿಲ್ ಬರೆದ. ನಂಬುವುದು, ನಂಬದಿರುವುದು ಎರಡೂ ಒಂದೇ ಮನಸ್ಸಿನಲ್ಲಿ ಒಟ್ಟಿಗೆ ಇರಲಾರವು ಎಂಬುದು ಅವನ ಆಧಾರ. ಜರ್ಮನಿಯಲ್ಲಿ ಫ್ರೇಗೆ 1884ರಲ್ಲಿ, ಹುಸರ್ಲ್ 1900ರಲ್ಲಿ ತರ್ಕವನ್ನು ಮನಃಶಾಸ್ತ್ರದ ಕೊಟ್ಟಿಗೆಯಲ್ಲಿ ಕಟ್ಟಬೇಡಿ ಎಂದು ವಾದಿಸಿದರು.

ಮಿಲ್ ನಮ್ಮ ಕಡೆ ಬಂದು ನೋಡಬೇಕಿತ್ತು. ಹುಕ್ಕೇರಿ ತಾಲ್ಲೂಕಿನ ಹಿಡಕಲ್ ಅಣೆಕಟ್ಟು ದಾಟಿ ಘಟಪ್ರಭೆ ಗೋಕಾಕ, ಮೂಡಲಗಿ ಸೀಮೆಗೆ ಹರಿಯುತ್ತಾಳೆ. 'ಗಂಗವ್ವಗ ಎಲ್ಲೀ ಮೈಲಿಗಿ?' ಎನ್ನುವ ಬಾಯೇ 'ನೀ ಮುಟ್ಟಿದ ನೀರು ಮೈಲಿಗಿ' ಅನ್ನುತ್ತದೆ. ಎರಡೂ ನಂಬಿಕೆ ಒಂದೇ ತಲೆಯೊಳಗ ಜಗಳವಿಲ್ಲದೆ ಸಂಸಾರ ಮಾಡ್ತಾವ. ತರ್ಕದ ನಿಯಮ ಮನಸ್ಸಿನ ನಿಯಮವೇ ಆಗಿದ್ದರೆ ಇದು ಆಗುತ್ತಿತ್ತೇ? ಮನಸ್ಸು ಎರಡನ್ನೂ ನುಂಗಿತು. ಎರಡೂ ನಿಜ ಮಾತ್ರ ಆಗಲಿಲ್ಲ.

ಹರದೇಶಿ-ನಾಗೇಶಿ ಹಾಡುವವರಿಗೆ ಇದು ಗೊತ್ತು. ಒಂದು ಮೇಳ ಗಂಡು ಹೆಚ್ಚು ಅಂತದ, ಇನ್ನೊಂದು ಹೆಣ್ಣು ಹೆಚ್ಚು ಅಂತದ. ಆದರೆ 'ಆಗ ಹೇಳಿದ್ದಕ್ಕ ಈಗ ಹೇಳಿದ್ದು ಕೂಡೂದಿಲ್ಲ' ಎಂಬ ಏಟು ಇಬ್ಬರಿಗೂ ಒಂದೇ ತರ ಬೀಳುತ್ತದೆ. ಗಂಡಿಗೊಂದು ತರ್ಕ, ಹೆಣ್ಣಿಗೊಂದು ತರ್ಕ ಇದ್ದಿದ್ದರೆ ಸವಾಲ್-ಜವಾಬು ನಡೆಯುತ್ತಲೇ ಇರಲಿಲ್ಲ. (ಈ ಹಾಡುಗಳಲ್ಲಿ ಬರೀ ಭಕ್ತಿ ಹುಡುಕುವ ವಿದ್ವಾಂಸರು ಒಂದು ರಾತ್ರಿ ನಿದ್ದೆಗೆಟ್ಟು ಕೇಳಲಿ.)

ಮನುವಿಗೂ ಗೊತ್ತಿತ್ತು. ಹೇತುಶಾಸ್ತ್ರವನ್ನು ನೆಚ್ಚಿ ಶ್ರುತಿ-ಸ್ಮೃತಿಗಳನ್ನು ಕಡೆಗಣಿಸುವ ದ್ವಿಜನನ್ನು ಹೊರಗೆ ಹಾಕಿ ಎಂಬುದು ಮನುಸ್ಮೃತಿಯ ಎರಡನೇ ಅಧ್ಯಾಯದ ವಿಧಿ. ಬಾಬಾಸಾಹೇಬರು 1936ರ 'ಜಾತಿ ವಿನಾಶ'ದಲ್ಲಿ ಇದನ್ನೇ ಎತ್ತಿ ಹೇಳಿದರು. ತರ್ಕ ಮೇಲ್ಜಾತಿಯ ಮನೋಧರ್ಮವೇ ಆಗಿದ್ದರೆ ಸ್ವಂತ ಮನೆಯವನಿಗೇ ಈ ಬೇಲಿ ಯಾಕೆ? ನಮ್ಮಲ್ಲೂ ಕೆಲವರು 'ತರ್ಕ ಅವರದು, ನಮ್ಮದು ಅನುಭವ' ಎನ್ನುತ್ತಾರೆ. ಮನು ನಿಷೇಧಿಸಿದ್ದನ್ನು ಮನುವಿಗೇ ಕಾಣಿಕೆ ಕೊಟ್ಟಂತಾಯಿತು.

ಹುಟ್ಟಿನಿಂದಲೇ ಶುದ್ಧಿ ಎಂಬ ಮೊದಲ ಮಾತನ್ನು ಕೂಸಿನ ತಲೆಗೆ ತುಂಬುವವರು ಯಾರು, ಪ್ರಶ್ನೆ ಕೇಳಲು ಎದ್ದ ಹುಡುಗಿಯನ್ನು ಗದರಿಸಿ ಕೂಡಿಸುವವರು ಯಾರು? ಅದನ್ನು ಮನಃಶಾಸ್ತ್ರ ಹೇಳಲಿ, ಬೇಡ ಅನ್ನುವುದಿಲ್ಲ. ಅಷ್ಟರೊಳಗ ನಮ್ಮ ಮಾಸ್ತರರು ಗಂಗವ್ವನ ಆ ಎರಡು ಮಾತನ್ನು ಕರಿಹಲಗೆ ಮೇಲೆ ಒಂದರ ಕೆಳಗೊಂದು ಬರೆದು, ಯಾವುದನ್ನ ಅಳಸೂಣು ಅಂತ ಮಕ್ಕಳನ್ನೇ ಕೇಳಲಿ.