‘ಉಂಟು’ ಎಂಬ ಭರವಸೆ: ಅಕ್ಕನ ಎರಡು ವಚನಗಳ ಓದು

ಅಕ್ಕಮಹಾದೇವಿಯ ಅತ್ಯಂತ ಪರಿಚಿತ ವಚನಗಳಲ್ಲೊಂದು ದೇಹದ ಅಗತ್ಯಗಳನ್ನು ಒಂದೊಂದಾಗಿ ಎಣಿಸುತ್ತದೆ. ಹಸಿದವಳಿಗೆ ಊರಿನವರ ಭಿಕ್ಷೆ, ಬಾಯಾರಿದವಳಿಗೆ ಕೆರೆ ಬಾವಿಗಳ ನೀರು, ಮಲಗುವವಳಿಗೆ ಪಾಳು ದೇವಾಲಯ ಇವನ್ನು ಹೆಸರಿಸಿ, ಕೊನೆಯಲ್ಲಿ ಆತ್ಮಸಂಗಾತಕ್ಕೆ ಚೆನ್ನಮಲ್ಲಿಕಾರ್ಜುನನನ್ನು ಹೆಸರಿಸುತ್ತದೆ. ಇದನ್ನು ವೈರಾಗ್ಯದ ಘೋಷಣೆಯೆಂದು ಓದುವುದು ರೂಢಿ: ಎಲ್ಲವನ್ನೂ ತೊರೆದವಳಿಗೆ ಯಾರ ಹಂಗೂ ಇಲ್ಲ ಎಂಬುದು ಆ ಓದಿನ ಸಾರ. ವಚನದ ಪದಗಳು ಈ ತೀರ್ಮಾನವನ್ನು ಪೂರ್ತಿಯಾಗಿ ಸಮರ್ಥಿಸುವುದಿಲ್ಲ.

ಇಲ್ಲಿ ಹೆಸರಿಸಲಾದ ವಸ್ತುಗಳನ್ನು ಗಮನಿಸಬೇಕು. ಹಳ್ಳವೊಂದನ್ನು ಬಿಟ್ಟರೆ ಮಿಕ್ಕವೆಲ್ಲ ಮನುಷ್ಯರ ಕೈಯಿಂದ ಆದವು. ಭಿಕ್ಷಾನ್ನವನ್ನು ಯಾವುದೋ ಮನೆಯಲ್ಲಿ ಯಾರೋ ಬೇಯಿಸಿರಬೇಕು. ಕೆರೆಯನ್ನು ಯಾರೋ ಕಟ್ಟಿಸಿರಬೇಕು, ಬಾವಿಯನ್ನು ಯಾರೋ ತೋಡಿರಬೇಕು. ಮಧ್ಯಕಾಲೀನ ಕನ್ನಡ ಶಾಸನಗಳಲ್ಲಿ ಕೆರೆಯ ನಿರ್ಮಾಣ ಮತ್ತು ಪೋಷಣೆಗೆಂದು ಬಿಟ್ಟ ಭೂಮಿಯ ಉಲ್ಲೇಖ ಹೇರಳವಾಗಿದೆ. ಕಟ್ಟುಕೊಡಗೆ, ಬಿತ್ತುವಟ್ಟ ಮುಂತಾದ ಪಾರಿಭಾಷಿಕ ಪದಗಳೇ ಇದಕ್ಕೆ ಸಾಕ್ಷಿ. ದಾರಿಹೋಕರಿಗೆ ನೀರು ಕೊಡುವ ಅರವಟ್ಟಿಗೆಯೂ ಪುಣ್ಯಕಾರ್ಯವೆಂದೇ ಎಣಿಕೆಯಾಗಿತ್ತು. ಪಾಳು ದೇಗುಲವೂ ಒಂದು ಕಾಲಕ್ಕೆ ಯಾರದೋ ಭಕ್ತಿಯ ಫಲ. ವಚನದ ಕೆಲವು ಪಾಠಗಳಲ್ಲಿ ಚಳಿಗೆ ಜನರು ಬಿಸಾಡಿದ ಬಟ್ಟೆಗಳ ಮಾತೂ ಬರುತ್ತದೆ. ಕೇಶಾಂಬರೆಯಾದ ಅಕ್ಕನ ಸಾಂಪ್ರದಾಯಿಕ ಚಿತ್ರದೊಡನೆ ಅದು ಸುಲಭವಾಗಿ ಹೊಂದುವುದಿಲ್ಲ; ಆದರೆ ಪಟ್ಟಿಯ ಒಳತರ್ಕಕ್ಕೆ ಸರಿಯಾಗಿಯೇ ಹೊಂದುತ್ತದೆ. ಉಡುತಡಿಯಿಂದ ಶ್ರೀಶೈಲದವರೆಗಿನ ದಾರಿಯಲ್ಲಿ ಒಂಟಿ ಹೆಣ್ಣೊಬ್ಬಳನ್ನು ಉಳಿಸಿದ್ದು ಹೆಸರಿಲ್ಲದ ಜನರ ದಿನನಿತ್ಯದ ದಯೆ ಎಂಬುದನ್ನು ವಚನವೇ ಒಪ್ಪಿಕೊಳ್ಳುತ್ತದೆ.

ಹಾಗಾದರೆ ದೇವರು ಜನರ ಮೂಲಕ ಅನ್ನ ಕೊಡುತ್ತಾನೆ ಎಂಬುದೇ ಇದರ ಅರ್ಥವೇ? ವ್ಯಾಕರಣ ಅಷ್ಟನ್ನು ಹೇಳುವುದಿಲ್ಲ. ಇಲ್ಲಿ ಚೆನ್ನಮಲ್ಲಿಕಾರ್ಜುನನು ಕೊಡುವವನಲ್ಲ, ಕೊಡಿಸುವವನೂ ಅಲ್ಲ. ಪ್ರೇರಣಾರ್ಥಕ ಕ್ರಿಯಾಪದ ಒಂದೂ ಇಲ್ಲ. ಇರುವುದು ‘ಉಂಟು’ ಎಂಬ ಒಂದೇ ಕ್ರಿಯೆ. ‘ಉಳ್’ ಧಾತುವಿನಿಂದ ಬಂದ ಈ ರೂಪ ಮೂಲತಃ ನಪುಂಸಕ ಏಕವಚನ. ವಚನಭಾಷೆಯ ವೇಳೆಗೆ ಲಿಂಗ, ವಚನ, ಪುರುಷಗಳ ಭೇದವಿಲ್ಲದೆ ಬಳಕೆಯಾಗುತ್ತದೆ. ಆದ್ದರಿಂದಲೇ ಅನ್ನಕ್ಕೂ ನೀರಿಗೂ ದೇವರಿಗೂ ಒಂದೇ ಪದ ಸಲ್ಲುತ್ತದೆ. ಎ.ಕೆ. ರಾಮಾನುಜನ್ ಅವರ 1973ರ ಇಂಗ್ಲಿಷ್ ಅನುವಾದದಲ್ಲಿ, ಆ ಭಾಷೆಯ ಜಾಯಮಾನಕ್ಕೆ ತಕ್ಕಂತೆ, ಮೊದಲ ಸಾಲುಗಳಿಗೆ ಇರುವಿಕೆಯ ಕ್ರಿಯೆಯೂ ಕೊನೆಯದಕ್ಕೆ ಹೊಂದಿರುವಿಕೆಯ ಕ್ರಿಯೆಯೂ ಬಂದಿವೆ. ಅನುವಾದದ ಮೂಲಕವೇ ಅಕ್ಕನನ್ನು ಅರಿಯುವ ಹೊರನಾಡಿನ ಓದುಗರಿಗೆ ಈ ಏಕತೆ ಕಾಣದೆ ಹೋಗುತ್ತದೆ. ಕನ್ನಡದಲ್ಲಿ ಕೊನೆಯ ಸಾಲನ್ನು ಬೇರ್ಪಡಿಸುವುದು ‘ಎನಗೆ’ ಎಂಬ ಚತುರ್ಥಿಯೊಂದೇ. ಕೆರೆ ಎಲ್ಲರಿಗೂ ಉಂಟು. ಅವನು ತನಗೆ ಉಂಟು.

ಇದರೊಡನೆ ಹಸಿವು ನೀರಡಿಕೆಗಳ ಸಾಲುಗಳಲ್ಲಿರುವ ಪಕ್ಷಾರ್ಥಕ ರೂಪವನ್ನೂ ಸೇರಿಸಿ ನೋಡಬೇಕು. ಹಸಿವು ಇನ್ನು ಮುಂದೆ ಆಗಬಹುದಾದದ್ದು. ಅನ್ನ ಈಗಾಗಲೇ ಇರುವಂಥದ್ದು. ಬಾಯಾರುವ ಮುನ್ನವೇ ಬಾವಿ ತೋಡಿಯಾಗಿದೆ. ದೈವದ ನಿಷ್ಠೆಯನ್ನು ಅಕ್ಕ ಗುರುತಿಸುವುದು ಈ ಮುಂಚಿತತೆಯಲ್ಲಿ. ಅಪರಿಚಿತರ ದಯೆ ಅಗತ್ಯಕ್ಕಿಂತ ಮೊದಲೇ ಇದ್ದಂತೆ ಅವನೂ ಇದ್ದಾನೆ ಎಂಬುದು ಆಕೆಯ ಅನುಭವ. ದಯೆಯಿಂದ ಅವಳು ಕಲಿತದ್ದು ‘ಉಂಟು’ ಎಂಬ ಪದದ ಅರ್ಥವನ್ನು.

ಈ ಓದಿಗೆ ಎದುರಾಗಿ ಅಕ್ಕನದೇ ಇನ್ನೊಂದು ವಚನ ನಿಲ್ಲುತ್ತದೆ. ಅಲ್ಲಿ ಆಕೆ ಮನೆಮನೆಗೆ ಕೈಯೊಡ್ಡುವಂತೆ ಮಾಡೆಂದು ಬೇಡುತ್ತಾಳೆ. ಬೇಡಿದರೂ ಯಾರೂ ನೀಡದಿರಲಿ, ನೀಡಿದ್ದು ನೆಲಕ್ಕೆ ಬೀಳಲಿ, ಬಿದ್ದದ್ದು ತನಗಿಂತ ಮೊದಲು ನಾಯಿಗೆ ದಕ್ಕಲಿ ಎಂಬುದು ಮುಂದಿನ ಪ್ರಾರ್ಥನೆ. ಮೊದಲ ವಚನದಲ್ಲಿ ಇಲ್ಲದ ಕರ್ತೃತ್ವ ಇಲ್ಲಿ ದೇವರಿಗೆ ಬಂದಿದೆ, ಅದೂ ವಂಚಿತಗೊಳಿಸುವ ಕೆಲಸಕ್ಕಾಗಿ. ಭಿಕ್ಷೆಯೇ ದೈವನಿಷ್ಠೆಯ ಪುರಾವೆಯಾಗಿದ್ದರೆ ಈ ಪ್ರಾರ್ಥನೆ ಆ ಪುರಾವೆಯನ್ನು ತಾನೇ ಹರಿದುಹಾಕುತ್ತದೆ.

ಎರಡನ್ನೂ ಜೊತೆಗಿಟ್ಟು ಓದಿದಾಗ ‘ಎನಗೆ’ ಎಂಬ ಪದದ ತೂಕ ತಿಳಿಯುತ್ತದೆ. ಮನುಷ್ಯರ ದಯೆ ದೇವರ ನಿಷ್ಠೆಗೆ ಗುರುತು. ಗುರುತು ಅಳಿಸಿದರೂ ಗುರುತಿಸಲ್ಪಟ್ಟದ್ದು ಉಳಿಯುವುದೇ ಎಂಬುದು ಎರಡನೆಯ ವಚನ ಒಡ್ಡುವ ಪರೀಕ್ಷೆ. ಊರು ಕೈಬಿಟ್ಟ ಆ ಸ್ಥಿತಿಯನ್ನು ಬೇಡುವಾಗಲೂ ಅಕ್ಕ ಸಂಬೋಧಿಸುವುದು ಅದೇ ಚೆನ್ನಮಲ್ಲಿಕಾರ್ಜುನನನ್ನು. ವೈರಾಗ್ಯದ ಓದು ಊರಿನವರ ಋಣವನ್ನು ಮರೆಯುತ್ತದೆ, ಕೃತಜ್ಞತೆಯ ಓದು ಬರಿಗೈಯನ್ನು ಮರೆಯುತ್ತದೆ. ಅಕ್ಕನ ಪಠ್ಯ ಎರಡನ್ನೂ ಮರೆಯುವುದಿಲ್ಲ.